ಠಾಣೆಯಲ್ಲೇ ಏಟು ಬಿದ್ದರೆ ದೂರು ಯಾರಿಗೆ ಕೊಡುವುದು?

ಓದುಗರ ಪ್ರಶ್ನೆ: ಮನೆ ಮಾಲೀಕರು ಅಡ್ವಾನ್ಸ್ ವಾಪಸ್ ಕೊಡದೆ, ಬೀಗ ಒಡೆಸಿ ನಮ್ಮ ಸಾಮಾನು ಆಚೆ ಹಾಕಿಸಿದರು. ಠಾಣೆಗೆ ಹೋದರೆ "ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ" ಎಂದರು. ಎದುರು ಮಾತಾಡಿದ್ದಕ್ಕೆ ನಾಲ್ಕು ಏಟು ಹಾಕಿ, ಮುಚ್ಚಳಿಕೆ ಬರೆಸಿಕೊಂಡು ರಾತ್ರಿ ಬಿಟ್ಟರು. ಜನತಾ ದರ್ಶನದಲ್ಲಿ ಅರ್ಜಿ ಕೊಟ್ಟೆ, ಅದು ಊರೆಲ್ಲ ಸುತ್ತಿ ಅದೇ ಠಾಣೆಗೆ ಬಂತು. ಈಗ ಯಾರ ಹತ್ತಿರ ಹೋಗಲಿ?

ಉತ್ತರ: ಬೆಂಗಳೂರಿನಲ್ಲಿ ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ. ಕೇಳುವವರೆಲ್ಲ ಕಚೇರಿಯ ಹೆಸರು ಕೇಳುತ್ತಾರೆ. ಕಚೇರಿಗಳು ಬೇಕಾದಷ್ಟಿವೆ. ಆದರೆ ಯಾವ ಕಚೇರಿಗೆ ಹೋದರೂ ಮೊದಲು ಕೇಳುವುದು ಒಂದೇ ಮಾತು: "ದಾಖಲೆ ಏನಿದೆ?" ಹಾಗಾಗಿ ಮೊದಲು ಹೋಗಬೇಕಾದದ್ದು ಕಮಿಷನರ್ ಕಚೇರಿಗಲ್ಲ, ಆಸ್ಪತ್ರೆಗೆ.

ಅದೂ ಮನೆ ಪಕ್ಕದ ಕ್ಲಿನಿಕ್ಕಿಗಲ್ಲ. ವಿಕ್ಟೋರಿಯಾ, ಬೌರಿಂಗ್ ತರಹದ ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, "ಎಂಎಲ್‌ಸಿ ಮಾಡಿ" ಎಂದು ಬಾಯಿಬಿಟ್ಟು ಕೇಳಬೇಕು. ಎಂಎಲ್‌ಸಿ ಅಂದರೆ ಮೆಡಿಕೋ-ಲೀಗಲ್ ಕೇಸ್, ಕಾನೂನಿಗೆ ಸಂಬಂಧಿಸಿದ ಗಾಯವೆಂದು ಆಸ್ಪತ್ರೆ ಮಾಡಿಕೊಳ್ಳುವ ದಾಖಲೆ. ವೈದ್ಯರು "ಹೇಗಾಯಿತು?" ಎಂದಾಗ ಬಹಳ ಜನ ಹೆದರಿ "ಬೈಕಿಂದ ಬಿದ್ದೆ" ಎನ್ನುತ್ತಾರೆ. ಕೇಸು ಅಲ್ಲೇ ಅರ್ಧ ಮುಗಿಯಿತು ಅನ್ನಿ, ಏಕೆಂದರೆ ಮುಂದೆ ಕೋರ್ಟಿನಲ್ಲಿ ಎದುರು ಪಕ್ಷದ ವಕೀಲರು ಮೊದಲು ಎತ್ತಿ ಹಿಡಿಯುವುದು ಆ ಸಾಲನ್ನೇ. ಯಾವ ಠಾಣೆ, ಎಷ್ಟು ಗಂಟೆಗೆ, ಕೈಯಿಂದಲೋ ಲಾಠಿಯಿಂದಲೋ ಬೂಟಿನಿಂದಲೋ, ದೇಹದ ಯಾವ ಭಾಗಕ್ಕೆ ಎಂಬುದನ್ನೆಲ್ಲ ಹೇಳಿ, ಹೇಳಿದ್ದನ್ನು ಬರೆದುಕೊಂಡರೇ ನೋಡಿ, ಎಂಎಲ್‌ಸಿ ನಂಬರ್ ಗುರುತು ಹಾಕಿಕೊಳ್ಳಿ. ಗಾಯದ ಪ್ರಮಾಣಪತ್ರ, ಅಂದರೆ ಎಲ್ಲರೂ ವೂಂಡ್ ಸರ್ಟಿಫಿಕೇಟ್ ಎನ್ನುವ ಕಾಗದ, ಆಮೇಲೆ ಹೊರಬರುವುದು ಆ ನಂಬರಿನ ಮೇಲೆಯೇ. ಫೋಟೋ ತೆಗೆಯುವಾಗ ಒಂದರಲ್ಲಾದರೂ ಮುಖ ಮತ್ತು ಗಾಯ ಎರಡೂ ಇರಲಿ. ಬಾಸುಂಡೆ ಚೆನ್ನಾಗಿ ಏಳುವುದು ಮರುದಿನ, ಅದರ ಮರುದಿನ. ಆಗಲೂ ತೆಗೆಯಿರಿ.

ಎರಡನೆಯದು ಸಿಸಿಟಿವಿ. 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದ ಪ್ರಕಾರ ಪ್ರತಿ ಠಾಣೆಯ ಮುಖ್ಯ ಗೇಟು, ಒಳಬರುವ ಹೊರಹೋಗುವ ಬಾಗಿಲು, ಲಾಕಪ್, ಕಾರಿಡಾರ್, ಇನ್‌ಸ್ಪೆಕ್ಟರ್ ಕೊಠಡಿ, ಸಬ್ ಇನ್‌ಸ್ಪೆಕ್ಟರ್ ಕೊಠಡಿ, ಹಿಂಭಾಗ ಎಲ್ಲ ಕಡೆಯೂ ಧ್ವನಿ ಸಮೇತ ದಾಖಲಿಸುವ ಕ್ಯಾಮೆರಾ ಇರಬೇಕು. ದೃಶ್ಯಗಳನ್ನು 18 ತಿಂಗಳು ಇಟ್ಟಿರಬೇಕು, ಅದು ಸಾಧ್ಯವಾಗದಿದ್ದರೆ ಕನಿಷ್ಠ 1 ವರ್ಷ. ಕಾಗದದ ಮೇಲೆ ಇಷ್ಟಿದೆ. ಕೇಳಲು ಹೋದಾಗ ಸಿಗುವ ಉತ್ತರ ಮಾತ್ರ "ಆ ದಿನ ಕೆಟ್ಟಿತ್ತು" ಅಥವಾ "ಹಾರ್ಡ್ ಡಿಸ್ಕ್ ತುಂಬಿ ಅಳಿಸಿಹೋಗಿದೆ". ಆದ್ದರಿಂದ ಮರುದಿನವೇ ಡಿಸಿಪಿಗೆ (ನಿಮ್ಮ ವಿಭಾಗದ ಉಪ ಪೊಲೀಸ್ ಆಯುಕ್ತರಿಗೆ) ಒಂದು ಪತ್ರ ಹೋಗಬೇಕು: ಇಂಥ ದಿನಾಂಕ, ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಈ ಠಾಣೆಯೊಳಗಿದ್ದೆ, ಇಂತಿಂಥ ಜಾಗದ ದೃಶ್ಯಾವಳಿಯನ್ನು ಅಳಿಸದೆ ಕಾಯ್ದಿರಿಸಿ. ಆ ಪತ್ರದಿಂದ ನಿಮ್ಮ ಕೈಗೆ ವಿಡಿಯೋ ಬರುವುದಿಲ್ಲ. ಆದರೆ ಪತ್ರ ತಲುಪಿದ ಮೇಲೂ ಅದು ಅಳಿಸಿಹೋದರೆ, ಯಾಕೆ ಹೋಯಿತು ಎಂಬುದಕ್ಕೆ ಉತ್ತರ ಕೊಡುವ ಹೊಣೆ ಅವರ ತಲೆಗೆ ಬರುತ್ತದೆ.

ಜೊತೆಗೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಯನ್ನೂ ಹಾಕಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ನಾಲ್ಕು ಪುಟ ಸಿಟ್ಟು ಬರೆದರೆ ಅದೇ ನೆಪವಾಗಿ ತಿರಸ್ಕಾರವಾಗುತ್ತದೆ. ಠಾಣೆ ಎದುರಿನ ಬೇಕರಿ, ಮೆಡಿಕಲ್ ಶಾಪಿನ ಕ್ಯಾಮೆರಾಗಳನ್ನು ಮರೆಯಬೇಡಿ. ನೀವು ನಡೆದುಕೊಂಡು ಒಳಹೋದದ್ದೂ ಕುಂಟಿಕೊಂಡು ಹೊರಬಂದದ್ದೂ ಅಲ್ಲಿರುತ್ತದೆ. ಅವು ಬೇಗ ಅಳಿಯುತ್ತವೆ, ಅಂಗಡಿಯವರು ಕೊಡಲು ಹೆದರುವುದೂ ಉಂಟು.

ಇನ್ನು ಮೂಲ ದೂರು. "ಸಿವಿಲ್ ಮ್ಯಾಟರ್" ಎಂಬ ಮಾತು ಪೂರ್ತಿ ಸುಳ್ಳಲ್ಲ, ಅಲ್ಲೇ ಇರುವುದು ಮರ್ಮ. ಅಡ್ವಾನ್ಸ್ ಹಣ ವಾಪಸ್ ಬರಬೇಕೆಂಬುದು ನಿಜಕ್ಕೂ ಸಿವಿಲ್ ವ್ಯಾಜ್ಯ. ಆದರೆ ನೀವಿದ್ದ ಮನೆಯ ಬೀಗ ಒಡೆದು ಒಳನುಗ್ಗಿ ಸಾಮಾನು ಎಸೆಯುವುದು ಅಪರಾಧ. ಜನ ಬರೆಯುವ ದೂರು ಹೇಗಿರುತ್ತದೆಂದರೆ, ಒಂದೂವರೆ ಪುಟ ಅಡ್ವಾನ್ಸ್ ಕಥೆ, ಕೊನೆಯ ಸಾಲಿನಲ್ಲಿ ಬೀಗ. ಸ್ಟೇಷನ್ ರೈಟರ್ ಮೊದಲ ನಾಲ್ಕು ಸಾಲು ಓದಿ ಬದಿಗಿಡುತ್ತಾರೆ. ತಿರುಗಿಸಿ ಬರೆಯಿರಿ: ದಿನಾಂಕ, ಸಮಯ, ವಿಳಾಸ, ಬೀಗ ಒಡೆದವರು ಯಾರು, ನೋಡಿದವರು ಯಾರು, ಏನೇನು ಹಾಳಾಯಿತು. ಅಡ್ವಾನ್ಸಿಗೆ ಒಂದು ಸಾಲು ಸಾಕು. ಕಲಂ ನಂಬರ್ ಬರೆಯುವುದು ನಿಮ್ಮ ಕೆಲಸವಲ್ಲ. ತಪ್ಪು ಕಲಂ ಬರೆದು ಅದರ ಮೇಲೆ ವಾದ ಮಾಡಿಸಿಕೊಳ್ಳುವುದಕ್ಕಿಂತ ಘಟನೆ ಬರೆಯುವುದೇ ವಾಸಿ.

2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಇದೆ. ಎಫ್‌ಐಆರ್ ದಾಖಲಿಸುವುದನ್ನು ಹೇಳುವ ಹಳೆಯ 154 ಈಗ ಕಲಂ 173. ಸಂಜ್ಞೇಯ ಅಪರಾಧದ (ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧದ) ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು 2013ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಹೊಸ ಕಾನೂನಿನಲ್ಲಿ ಒಂದು ಕಿಂಡಿ ಇದೆ: 3 ವರ್ಷದಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧವಾದರೆ, ಡಿವೈಎಸ್ಪಿ ದರ್ಜೆಯ ಅಧಿಕಾರಿಯ (ನಮ್ಮಲ್ಲಿ ಎಸಿಪಿಯ) ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು. "ಎನ್‌ಕ್ವೈರಿ ಮಾಡ್ತಿದೀವಿ" ಎಂದು ತಿಂಗಳುಗಟ್ಟಲೆ ಎಳೆದರೆ, ಎಸಿಪಿ ಅನುಮತಿಯ ದಿನಾಂಕ ಯಾವುದು ಎಂದು ಬರಹದಲ್ಲಿ ಕೇಳಿ. "ನಮ್ಮ ಲಿಮಿಟ್ಸ್ ಅಲ್ಲ" ಎಂಬುದಕ್ಕೂ ಈಗ ಜಾಗವಿಲ್ಲ. ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು, ಇದನ್ನೇ ಜೀರೋ ಎಫ್‌ಐಆರ್ ಎನ್ನುವುದು. ಮಿಂಚಂಚೆಯಲ್ಲೂ ಕಳಿಸಬಹುದು, 3 ದಿನದೊಳಗೆ ಹೋಗಿ ಸಹಿ ಹಾಕಬೇಕು ಅಷ್ಟೆ. ಎಫ್‌ಐಆರ್ ಪ್ರತಿ ಉಚಿತ.

ದೂರು ಕೊಟ್ಟಾಗ ಎರಡು ಪ್ರತಿ ಒಯ್ದು ಒಂದರ ಮೇಲೆ ಠಾಣೆಯ ಮೊಹರು, ಸಹಿ, ದಿನಾಂಕ ಹಾಕಿಸಿ. ತೆಗೆದುಕೊಳ್ಳದಿದ್ದರೆ ಹಿಂಬರಹ, ಅಂದರೆ ಯಾಕೆ ತೆಗೆದುಕೊಳ್ಳುವುದಿಲ್ಲ ಎಂಬ ಲಿಖಿತ ಉತ್ತರ, ಕೊಡಿ ಎನ್ನಿ. ಬೆಂಗಳೂರು ಠಾಣೆಗಳಲ್ಲಿ ಈ ಪದ ಗೊತ್ತಿರುವವರ ಜೊತೆ ಮಾತಿನ ಧಾಟಿಯೇ ಸ್ವಲ್ಪ ಬೇರೆ. ಅದನ್ನೂ ಕೊಡದಿದ್ದರೆ ಜಗಳವಾಡದೆ ಹೊರಬಂದು ಅದೇ ದಿನ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಟ್ರ್ಯಾಕಿಂಗ್ ಪುಟ ಮುದ್ರಿಸಿಟ್ಟುಕೊಳ್ಳಿ. ಜಗಳ ಬೇಡ ಎನ್ನುವುದಕ್ಕೆ ಕಾರಣ ಸೌಜನ್ಯವಲ್ಲ. ಭಾರತೀಯ ನ್ಯಾಯ ಸಂಹಿತೆಯ ಕಲಂ 132, ಹಳೆಯ ಐಪಿಸಿಯ 353, "ಸರ್ಕಾರಿ ಕರ್ತವ್ಯಕ್ಕೆ ಅಡ್ಡಿ". ಪೇದೆಯ ತೋಳು ಸರಿಸಿದರೂ ಸಾಕು, ಪ್ರತಿದೂರು ಸಿದ್ಧ. 2 ವರ್ಷದವರೆಗಿನ ಶಿಕ್ಷೆ, ಜಾಮೀನುರಹಿತ. ಪೊಲೀಸರ ಮೇಲೆ ದೂರು ಕೊಟ್ಟವರ ವಿರುದ್ಧ ಇದು ಹಳೆಯ ಅಸ್ತ್ರ.

ಠಾಣೆ ಆಯಿತು. ಮುಂದಿನ ಮೆಟ್ಟಿಲು ಕಲಂ 173(4): ದೂರಿನ ಸಾರಾಂಶವನ್ನು ಎಸ್ಪಿಗೆ ಅಂಚೆಯಲ್ಲಿ ಕಳಿಸುವುದು. ನಗರದಲ್ಲಿ ಎಸ್ಪಿ ಅಂದರೆ ನಿಮ್ಮ ವಿಭಾಗದ ಡಿಸಿಪಿ. ಇನ್‌ಫೆಂಟ್ರಿ ರಸ್ತೆಯ ಕಮಿಷನರ್ ಕಚೇರಿಗೂ ಒಂದು ಪ್ರತಿ ಹೋಗಲಿ, ಆದರೆ ಕಾನೂನಿನ ಲೆಕ್ಕಕ್ಕೆ ಬರುವುದು ಡಿಸಿಪಿಗೆ ಹೋದದ್ದು. ಅವರೂ ಸುಮ್ಮನಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಕಲಂ 175(3)ರ ಅರ್ಜಿ, ಅಫಿಡವಿಟ್ ಸಮೇತ. ಠಾಣೆಗೂ ಡಿಸಿಪಿಗೂ ಕೊಟ್ಟ ಪುರಾವೆ ಲಗತ್ತಿಸದೆ ನೇರ ಇಲ್ಲಿಗೆ ಬಂದ ಅರ್ಜಿಗಳು ಮೊದಲ ದಿನವೇ ಬಿದ್ದುಹೋಗುತ್ತವೆ. ವಕೀಲರಿಗೆ ಹಣವಿಲ್ಲದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಬಂಧನದಲ್ಲಿರುವವರು ಇವರಿಗೆಲ್ಲ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಇದೆ.

ಹೊಡೆದ ಅಧಿಕಾರಿಯ ಮೇಲಿನ ದೂರನ್ನು ಮನೆ ಮಾಲೀಕರ ದೂರಿನೊಳಗೆ ಸೇರಿಸಬೇಡಿ. ಅದು ಬೇರೆಯೇ ಕಾಗದ, ಬೇರೆಯೇ ದಾರಿ. ಆ ದಾರಿಯಲ್ಲಿ ದೊಡ್ಡ ಕಲ್ಲು ಒಂದಿದೆ, ಪೂರ್ವಾನುಮತಿ, ಅಂದರೆ ಅಧಿಕಾರಿಯ ಮೇಲೆ ಕೇಸು ನಡೆಸಲು ಮೊದಲೇ ಪಡೆಯಬೇಕಾದ ಸರ್ಕಾರದ ಒಪ್ಪಿಗೆ. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 218 ಒಂದು ಕಡೆ, ಕರ್ನಾಟಕ ಪೊಲೀಸ್ ಕಾಯ್ದೆ 1963ರ ಕಲಂ 170 ಇನ್ನೊಂದು ಕಡೆ. ಈ 170 ಬಹಳ ಅಗಲ. ಕರ್ತವ್ಯದ ಹೆಸರಿನಲ್ಲಿ, ಕರ್ತವ್ಯವನ್ನು ಮೀರಿ ಮಾಡಿದ ಕೃತ್ಯಕ್ಕೂ ಸರ್ಕಾರದ ಒಪ್ಪಿಗೆ ಬೇಕೆನ್ನುತ್ತದೆ. 2020ರಲ್ಲಿ ಬೆಂಗಳೂರಿನದೇ ಒಂದು ಪ್ರಕರಣದಲ್ಲಿ, ಠಾಣೆಯಲ್ಲಿ ಹೊಡೆದರೆಂಬ ಖಾಸಗಿ ದೂರನ್ನು (ನೇರ ಮ್ಯಾಜಿಸ್ಟ್ರೇಟರಿಗೆ ಕೊಟ್ಟ ದೂರನ್ನು) ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು ಪೂರ್ವಾನುಮತಿ ಪಡೆದಿರಲಿಲ್ಲ ಎಂಬ ಕಾರಣಕ್ಕೆ. ವರ್ಷಗಟ್ಟಲೆ ಅಲೆದ ಕೇಸು ಏಟು ಬಿದ್ದಿತ್ತೋ ಇಲ್ಲವೋ ಎಂಬ ವಿಚಾರಣೆಗೆ ಬರುವ ಮೊದಲೇ ಹೀಗೆ ಮುಗಿಯಬಹುದು. ಖಾಸಗಿ ದೂರು ಹಾಕುವ ಮೊದಲೇ ಗೃಹ ಇಲಾಖೆಗೆ ಪೂರ್ವಾನುಮತಿ ಕೋರಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಹೊಸ ಸಂಹಿತೆಯಲ್ಲಿ 120 ದಿನದೊಳಗೆ ಸರ್ಕಾರ ತೀರ್ಮಾನಿಸದಿದ್ದರೆ ಅನುಮತಿ ಸಿಕ್ಕಂತೆಯೇ ಲೆಕ್ಕ. ಆದರೆ ಆ ಸೌಲಭ್ಯ ಇರುವುದು 218ರಲ್ಲಿ, ಆದ್ದರಿಂದ ಅರ್ಜಿಯಲ್ಲಿ ಎರಡೂ ಕಾಯ್ದೆಗಳ ಹೆಸರು ಇರಲಿ. ಮ್ಯಾಜಿಸ್ಟ್ರೇಟರೂ ಸರ್ಕಾರಿ ನೌಕರನ ಮೇಲೆ ತನಿಖೆಗೆ ಆದೇಶಿಸುವ ಮುನ್ನ ಮೇಲಧಿಕಾರಿಯ ವರದಿ ತರಿಸಬೇಕು, ಆ ನೌಕರನ ಹೇಳಿಕೆಯನ್ನೂ ಪರಿಗಣಿಸಬೇಕು ಎಂದು 175(4) ಹೇಳುತ್ತದೆ. ನಿಧಾನವಾಗುತ್ತದೆ ಎಂದು ಮೊದಲೇ ಗೊತ್ತಿದ್ದರೆ ನಡುವೆ ಕೈಬಿಡುವುದು ಕಮ್ಮಿ.

ಕೋರ್ಟಿನ ಹೊರಗಿನ ಬಾಗಿಲುಗಳ ಬಗ್ಗೆ ನೇರವಾಗಿ ಹೇಳುವುದಾದರೆ: ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಘಟನೆಯಾದ 1 ವರ್ಷದೊಳಗೆ ದೂರು ಕೊಡಬೇಕು. ವಿಧಾನಸೌಧದ ಪಕ್ಕದ ಬಹುಮಹಡಿ ಕಟ್ಟಡದಲ್ಲೇ ಕಚೇರಿ. ಪರಿಹಾರಕ್ಕೂ ಇಲಾಖಾ ಕ್ರಮಕ್ಕೂ ಅದು ಶಿಫಾರಸು ಮಾಡುತ್ತದೆ, ಜೈಲಿಗೆ ಕಳಿಸುವ ಅಧಿಕಾರ ಇಲ್ಲ. ಸಾಮಾನ್ಯ ಜನರಿಗೆ ಇದೇ ಹೆಚ್ಚು ಕೈಗೆಟುಕುವ ಬಾಗಿಲು. ಪೊಲೀಸ್ ದೂರು ಪ್ರಾಧಿಕಾರ ಪೊಲೀಸ್ ಸುಧಾರಣೆ ಕುರಿತು ಸುಪ್ರೀಂ ಕೋರ್ಟ್ ಕೊಟ್ಟ 2006ರ ಪ್ರಕಾಶ್ ಸಿಂಗ್ ತೀರ್ಪಿನ ಫಲ. ಕಸ್ಟಡಿ ಸಾವು, ತೀವ್ರ ಗಾಯ, ಅತ್ಯಾಚಾರದಂಥ ಗಂಭೀರ ದೂರಿಗೆ ಅದು ಸರಿ, ಕೆನ್ನೆಗೆ ಬಿದ್ದ ಏಟಿಗೆ ಅಲ್ಲಿ ಹೆಚ್ಚು ನಿರೀಕ್ಷೆ ಬೇಡ. ಬಿಡಲು ದುಡ್ಡು ಕೇಳಿದ್ದರೆ ಮಾತ್ರ ಲೋಕಾಯುಕ್ತ, ಅದೂ ಕೊಡುವ ಮೊದಲು. ಬಲವಂತಕ್ಕೆ ಕೊಟ್ಟಾಗಿದ್ದರೆ 7 ದಿನದೊಳಗೆ ತಿಳಿಸಬೇಕು, ಇಲ್ಲದಿದ್ದರೆ ಕೊಟ್ಟವರೂ ಆರೋಪಿ.

ಮುಚ್ಚಳಿಕೆ ನೆನೆದು ನಿದ್ದೆಗೆಡುವವರು ಬಹಳ. ಠಾಣೆಯಲ್ಲಿ ಬಿಳಿ ಹಾಳೆಯ ಮೇಲೆ "ಇನ್ನು ಮುಂದೆ ತೊಂದರೆ ಕೊಡುವುದಿಲ್ಲ" ಎಂದು ಬರೆಸಿಕೊಂಡದ್ದು ನೀವು ತಪ್ಪಿತಸ್ಥರೆಂಬ ತೀರ್ಪೇನೂ ಅಲ್ಲ. ಶಾಂತಿ ಕಾಪಾಡಲು ಬಾಂಡ್ ಬೇಕಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 126ರಡಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ನೋಟಿಸ್ ಕೊಟ್ಟು ವಿಚಾರಣೆ ನಡೆಸಬೇಕು. ಆದರೂ ಮರುದಿನವೇ "ಒತ್ತಡದಲ್ಲಿ ಸಹಿ ಹಾಕಿದ್ದೇನೆ" ಎಂದು ಡಿಸಿಪಿಗೆ ಬರೆದಿಡಿ. ತಿಂಗಳಾದ ಮೇಲೆ ಬರೆದರೆ ಯಾರೂ ನಂಬುವುದಿಲ್ಲ.

ಜನತಾ ದರ್ಶನದ ಅರ್ಜಿ ಯಾಕೆ ಅದೇ ಠಾಣೆಗೆ ಬಂತು? ಮಂತ್ರಿಗಳ ಸಹಿಯ ಕೆಳಗೆ "ಪರಿಶೀಲಿಸಿ ನಿಯಮಾನುಸಾರ ಕ್ರಮ ಕೈಗೊಳ್ಳಿ" ಎಂಬ ಸಾಲು ಬೀಳುತ್ತದೆ. ಕಾಗದ ಗೃಹ ಇಲಾಖೆಗೆ, ಅಲ್ಲಿಂದ ನೃಪತುಂಗ ರಸ್ತೆಯ ಡಿಜಿಪಿ ಕಚೇರಿಗೆ, ಕಮಿಷನರಿಗೆ, ಡಿಸಿಪಿಗೆ, ಎಸಿಪಿಗೆ, ಕೊನೆಗೆ "ವರದಿ ಸಲ್ಲಿಸಿ" ಎಂದು ಇನ್‌ಸ್ಪೆಕ್ಟರಿಗೆ. ಯಾರ ಮೇಲೆ ದೂರೋ ಅವರೇ ವರದಿಗಾರರು. ಈ ದಾರಿಯನ್ನು ಒಂದೇ ವಾಕ್ಯ ಸ್ವಲ್ಪ ತಿರುಗಿಸಬಲ್ಲದು: "ಸದರಿ ಠಾಣೆ ಹಾಗೂ ಉಪವಿಭಾಗಕ್ಕೆ ಸೇರದ ಅಧಿಕಾರಿಯಿಂದ ವಿಚಾರಣೆ ನಡೆಸಬೇಕೆಂದು ಕೋರುತ್ತೇನೆ." ಇದು ಅರ್ಜಿಯ ಕೊನೆಯಲ್ಲಲ್ಲ, ವಿಷಯದ ಸಾಲಿನಲ್ಲೇ ಇರಲಿ, ಏಕೆಂದರೆ ಟಪಾಲು ವಿಂಗಡಿಸುವವರು ಓದುವುದು ಅದನ್ನೇ.

ಮೇಲಿನವರ ಮೇಲೆ ಜನರಿಗಿರುವ ಬೇಸರಕ್ಕೆ ಕಾರಣ ಇಲ್ಲದಿಲ್ಲ. ಅನಾಹುತವಾದಾಗ ಅಮಾನತು, ಗದ್ದಲ ಇಳಿದಾಗ ವಾಪಸ್. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತಾಗ ಮರುದಿನವೇ ಕಮಿಷನರ್ ಸೇರಿ ಹಲವು ಅಧಿಕಾರಿಗಳನ್ನು ಸರ್ಕಾರ ಅಮಾನತು ಮಾಡಿತು, ಎರಡು ತಿಂಗಳು ತುಂಬುವ ಮೊದಲೇ ಆ ಅಮಾನತು ಹಿಂದಕ್ಕೆ ಹೋಯಿತು. ಅಮಾನತು ಶಿಕ್ಷೆಯಲ್ಲ, ವಿಚಾರಣೆ ಮುಗಿಯುವವರೆಗಿನ ತಡೆ. ನಿಮ್ಮ ಅರ್ಜಿಯಲ್ಲೂ "ಅಮಾನತು ಮಾಡಿ" ಎಂದು ಕೇಳುವ ಬದಲು "ಇಲಾಖಾ ವಿಚಾರಣೆ ನಡೆಸಿ, ಅದರ ಫಲಿತಾಂಶವನ್ನು ಬರಹದಲ್ಲಿ ತಿಳಿಸಿ" ಎಂದು ಕೇಳಿ.

ಕಾಗದಗಳು ಮೇಲೆ ಹೋಗತೊಡಗಿದ ಮೇಲೆ ಠಾಣೆಯಿಂದ ಒಂದು ಫೋನ್ ಬರುತ್ತದೆ, ಈ ಸಲ ಬಹಳ ಮರ್ಯಾದೆಯಿಂದ: "ಬನ್ನಿ ಸಾರ್, ಕೂತು ಮಾತಾಡೋಣ." ಲಿಖಿತ ನೋಟಿಸ್ ಕೇಳಿ. ಆರೋಪಿಗೆ ಕೊಡುವ ಹಾಜರಾತಿ ನೋಟಿಸನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಅದು ಸರಿಯಾದ ಜಾರಿ ಅಲ್ಲ ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಾಕ್ಷಿಯಾಗಿ ಕರೆಯುವುದಾದರೆ ಮಹಿಳೆಯರನ್ನೂ 60 ದಾಟಿದ ಗಂಡಸರನ್ನೂ ಮನೆಯಲ್ಲೇ ವಿಚಾರಿಸಬೇಕು. ಹೋಗುವುದೇ ಆದರೆ ಹಗಲು ಹೊತ್ತಿನಲ್ಲಿ, ಜೊತೆಗೆ ಒಬ್ಬರನ್ನು ಕರೆದುಕೊಂಡು, ಮೂಲ ದಾಖಲೆಗಳನ್ನು ಮನೆಯಲ್ಲೇ ಬಿಟ್ಟು ಹೋಗಿ. ರಾಜಿ ಮಾಡಿಕೊಳ್ಳುವುದು ಬಿಡುವುದು ನಿಮ್ಮ ಇಷ್ಟ, ಅದರಲ್ಲಿ ಅವಮಾನವೇನಿಲ್ಲ. ಆದರೆ ಅವರು ಟೈಪು ಮಾಡಿ ಇಟ್ಟಿರುವ ಹಾಳೆಯಲ್ಲಿ "ತಪ್ಪು ತಿಳಿವಳಿಕೆಯಿಂದ ದೂರು ನೀಡಿದ್ದೆ, ಅಂಥ ಘಟನೆ ನಡೆದಿಲ್ಲ" ಎಂದಿದ್ದರೆ ಸಹಿ ಹಾಕಬೇಡಿ, ನಾಳೆ ಅದೇ ಹಾಳೆ ಸುಳ್ಳು ದೂರಿನ ಕೇಸಾಗಿ ತಿರುಗಬಹುದು. "ದೂರನ್ನು ಮುಂದುವರಿಸಲು ಇಚ್ಛೆಯಿಲ್ಲ" ಎಂದು ನಿಮ್ಮ ಕೈಯಲ್ಲೇ ಬರೆದು, ದಿನಾಂಕ ಹಾಕಿ, ಒಂದು ಪ್ರತಿ ತಂದುಬಿಡಿ.