ಅಡವಿಟ್ಟ ಚಿನ್ನ, ಬಿಡುಗಡೆಯಾದ ಕಾಫಿ: 1991ರ ವಿದೇಶಿ ಸಾಲ ಕೊಡಗಿಗೆ ಬಂದ ದಾರಿ

ಇಂಗ್ಲೆಂಡಿನಲ್ಲಿ ಇಟ್ಟಿದ್ದ ಸುಮಾರು 100 ಟನ್ ಚಿನ್ನವನ್ನು ರಿಸರ್ವ್ ಬ್ಯಾಂಕ್ ದೇಶಕ್ಕೆ ತಂದ ಸುದ್ದಿ 2024ರ ಮೇ ಕೊನೆಯಲ್ಲಿ ಹೊರಬಿತ್ತು. ಕೊಡಗಿನಲ್ಲಿ ಹಳೆಯ ಜಗಳವೊಂದು ಮತ್ತೆ ಏಳಲು ಅಷ್ಟು ಸಾಕಾಯಿತು. 1991ರಲ್ಲಿ ಅಡವಿಟ್ಟದ್ದನ್ನು ಈಗ ಬಿಡಿಸಿಕೊಂಡು ಬಂದರು ಎಂದು ಒಂದು ಗುಂಪು. ಆ ಗತಿ ತಂದಿಟ್ಟವರು ಯಾರು ಹೇಳಿ ಎಂದು ಇನ್ನೊಂದು. ಅಡವಿಟ್ಟಿದ್ದರಿಂದಲೇ ಅಲ್ಲವೇ ನಮ್ಮ ಕಾಫಿ ಸರ್ಕಾರದ ಕಾಫಿ ಮಂಡಳಿಯ ಹಿಡಿತದಿಂದ ತಪ್ಪಿಸಿಕೊಂಡದ್ದು ಎಂದು ಹಿರಿಯ ಬೆಳೆಗಾರರು. ಮೂರೂ ಮಾತಿನಲ್ಲಿ ಸ್ವಲ್ಪ ಸ್ವಲ್ಪ ನಿಜವಿದೆ, ಮೊದಲನೆಯದರಲ್ಲಿ ಎಲ್ಲಕ್ಕಿಂತ ಕಡಿಮೆ. 1991ರಲ್ಲಿ ಚಿನ್ನದ ಮೇಲೆ ತಂದ ಸಾಲ ಬಹು ಬೇಗ ತೀರಿತು. ಸಾಲ ತೀರಿದ ಮೇಲೂ ಕಾಪಿಡಲು ಅನುಕೂಲವೆಂದು ಚಿನ್ನ ಅಲ್ಲೇ ಇತ್ತು. 2024ರಲ್ಲಿ ಆದದ್ದು ತಿಜೋರಿ ಬದಲಾವಣೆ, ಅಡವು ಬಿಡಿಸಿದ್ದಲ್ಲ.

ಮಳೆಗಾಲದ ಖರ್ಚಿಗೆ ಚಿನ್ನದ ಜೋಮಾಲೆಯನ್ನು ಸೊಸೈಟಿಯಲ್ಲಿಟ್ಟು, ಕಾಫಿ ಮಾರಿದ ಮೇಲೆ ಬಿಡಿಸಿಕೊಳ್ಳುವ ಮನೆಗಳು ಇಲ್ಲಿ ಕಡಿಮೆಯೇನಿಲ್ಲ. ಹಾಗಿದ್ದೂ ಮನೆಯ ಸಾಲದ ಮಾತಿಗೆ ದನಿ ತಗ್ಗಿಸುವವರು ದೇಶದ ಸಾಲದ ಮಾತು ಬಂದಾಗ ದನಿ ಏರಿಸುತ್ತಾರೆ.

ಹಿಂದಿನ ಕಥೆ ಚಿಕ್ಕದಾಗಿ ಹೇಳಬಹುದು. ಎರಡನೇ ಪಂಚವಾರ್ಷಿಕ ಯೋಜನೆಗೆ ವಿದೇಶಿ ವಿನಿಮಯ ಸಾಲದೆ 1958ರಲ್ಲಿ ಸಾಲ ಕೊಡುವ ದೇಶಗಳ ಒಕ್ಕೂಟ ಹುಟ್ಟಿಕೊಂಡಿತು. 1966ರ ಜೂನ್‌ನಲ್ಲಿ ಡಾಲರ್ ಬೆಲೆ 4.76 ರೂಪಾಯಿಯಿಂದ 7.50ಕ್ಕೆ ಏರಿ, ಹೊರಗಿನವರ ಒತ್ತಡಕ್ಕೆ ಮಣಿದರು ಎಂಬ ಕೂಗು ಆಳುವ ಪಕ್ಷದ ಒಳಗಿನಿಂದಲೇ ಎದ್ದಿತು. 1981ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ (ಐಎಂಎಫ್) ಅಂದಿನ ಮಟ್ಟಿಗೆ ಅತಿ ದೊಡ್ಡ ಸಾಲ ಮಂಜೂರಾಗಿ, ಎಡಪಕ್ಷಗಳು ಷರತ್ತುಗಳನ್ನು ಬಯಲಿಗೆಳೆದು, ಕೊನೆಗೆ ಪೂರ್ತಿ ಮೊತ್ತ ಪಡೆಯದೆಯೇ ಸರ್ಕಾರ 1984ರಲ್ಲಿ ಆ ಒಪ್ಪಂದ ಮುಗಿಸಿತು. ಮೂರು ಸಲವೂ ಜಗಳದ ವಸ್ತು ಒಂದೇ: ಸಾಲ ಬೇಕಾದದ್ದು ನಿಜ, ಆದರೆ ಕೊಟ್ಟವನು ನಮ್ಮ ಮನೆಯ ಲೆಕ್ಕಪುಸ್ತಕ ತೆರೆದು ನೋಡಬಹುದೇ?

1991ರಲ್ಲಿ ಮಾತ್ರ ಆ ಪ್ರಶ್ನೆ ಕೇಳುವಷ್ಟು ಸಮಯವೂ ಉಳಿದಿರಲಿಲ್ಲ. ಎಂಬತ್ತರ ದಶಕದಲ್ಲಿ ಸರ್ಕಾರಗಳು ಕೈಬಿಚ್ಚಿ ಖರ್ಚು ಮಾಡಿದ್ದವು, ಅಲ್ಪಾವಧಿಯ ವಿದೇಶಿ ಸಾಲ ಏರಿತ್ತು. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತಿಗೆ ನುಗ್ಗಿದ ಮೇಲೆ ಎಣ್ಣೆ ಬೆಲೆ ಹಾರಿತು, ಕೊಲ್ಲಿಯಿಂದ ಬರುತ್ತಿದ್ದ ಹಣ ಕುಗ್ಗಿತು, ಅನಿವಾಸಿಗಳು ಠೇವಣಿ ಹಿಂತೆಗೆದರು. 1991ರ ಮಾರ್ಚ್ ಹೊತ್ತಿಗೆ ದೇಶದ ವಿದೇಶಿ ಸಾಲ ಸುಮಾರು 8,380 ಕೋಟಿ ಡಾಲರ್. ಜೂನ್ ಹೊತ್ತಿಗೆ ಕೈಯಲ್ಲಿದ್ದ ವಿದೇಶಿ ವಿನಿಮಯ ಎರಡು ಮೂರು ವಾರದ ಆಮದಿಗೆ ಸಾಕಾಗುವಷ್ಟು. ಚಂದ್ರಶೇಖರ್ ಸರ್ಕಾರ ಜನವರಿಯಲ್ಲೇ ಐಎಂಎಫ್ ಬಾಗಿಲು ತಟ್ಟಿತ್ತು; ಬೆಂಬಲ ಕೊಟ್ಟವರು ಕೈಕೊಟ್ಟಿದ್ದರಿಂದ ಪೂರ್ಣ ಬಜೆಟ್ ಮಂಡಿಸಲಾಗದೆ ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟಿತು. ಮೇ ತಿಂಗಳಲ್ಲಿ, ಉಸ್ತುವಾರಿ ಸರ್ಕಾರ ಇದ್ದಾಗಲೇ, ಕಳ್ಳಸಾಗಣೆದಾರರಿಂದ ಜಪ್ತಿ ಮಾಡಿದ್ದ ಚಿನ್ನದಲ್ಲಿ 20 ಟನ್ ಮಾರಾಟವಾಗಿ ಸ್ವಿಟ್ಜರ್ಲೆಂಡಿಗೆ ಹೋಯಿತು. ಚುನಾವಣೆ ಮುಗಿದು ನರಸಿಂಹ ರಾವ್ ಬಂದ ಮೇಲೆ ಜುಲೈನಲ್ಲಿ ಇನ್ನೂ ಸುಮಾರು 47 ಟನ್ ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನಿನ ಸಾಲಕ್ಕೆ ಆಧಾರವಾಯಿತು. ಸಿಕ್ಕಿದ್ದು ಸುಮಾರು 40 ಕೋಟಿ ಡಾಲರ್. ಅಂದರೆ ಒಂದು ಸರ್ಕಾರ ಚಿನ್ನ ಮಾರಿತು, ಇನ್ನೊಂದು ಅಡವಿಟ್ಟಿತು. ಒಬ್ಬರ ಹೆಗಲಿಗೇ ಹೊರೆ ಹಾಕಬೇಕೆನ್ನುವವರು ಇವೆರಡರಲ್ಲಿ ಒಂದು ತಿಂಗಳನ್ನು ಮರೆಯಲೇಬೇಕಾಗುತ್ತದೆ.

ಜುಲೈ 1 ಮತ್ತು 3ರಂದು ರೂಪಾಯಿ ಅಪಮೌಲ್ಯ. 24ರಂದು ಮನಮೋಹನ್ ಸಿಂಗ್ ಬಜೆಟ್. ಗೊಬ್ಬರದ ಬೆಲೆ ಶೇ 40ರಷ್ಟು ಏರಿತು. ಸ್ವಪಕ್ಷದವರೇ ತಿರುಗಿಬಿದ್ದಾಗ ಶೇ 30ಕ್ಕೆ ಇಳಿಯಿತು. ಬಜೆಟ್ ಬರೆದದ್ದು ವಾಷಿಂಗ್ಟನ್‌ನಲ್ಲಿ ಎಂದು ಎಡಪಕ್ಷಗಳು, ಸ್ವದೇಶಿ ಉದ್ಯಮ ಮುಳುಗುತ್ತದೆ ಎಂದು ಇನ್ನೊಂದು ಬದಿಯವರು. ಅಷ್ಟೆಲ್ಲ ಗುಡುಗಿದರೂ ಬಹುಮತವೇ ಇಲ್ಲದ ಆ ಸರ್ಕಾರವನ್ನು ಬೀಳಿಸುವ ತನಕ ಆ ವರ್ಷ ಯಾರೂ ಹೋಗಲಿಲ್ಲ.

ಇಲ್ಲಿಂದ ಮುಂದಿನದು ಕೊಡಗಿನ ಕಥೆ. ಅದು ಅರ್ಥವಾಗಬೇಕಾದರೆ ಪೂಲ್ ಎಂದರೇನು ಗೊತ್ತಿರಬೇಕು. ಈಗ ನಲವತ್ತರೊಳಗಿನ ಬೆಳೆಗಾರರಿಗೆ ಅದು ಅಜ್ಜನ ಕಾಲದ ಮಾತು.

ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿ ಕಾಫಿ ಕೊಳ್ಳುವವರಿಲ್ಲದಾದಾಗ, 1940ರಲ್ಲಿ ಸುಗ್ರೀವಾಜ್ಞೆ ಬಂತು, 1942ರಲ್ಲಿ ಕಾಫಿ ಕಾಯ್ದೆಯಾಯಿತು. ಯುದ್ಧ ಮುಗಿದರೂ ವ್ಯವಸ್ಥೆ ಮುಗಿಯಲಿಲ್ಲ. ಬೆಳೆದ ಕಾಫಿಯಲ್ಲಿ ಮನೆ ಬಳಕೆಗೆ ಮತ್ತು ಬೀಜಕ್ಕೆ ಸ್ವಲ್ಪ ಇಟ್ಟುಕೊಂಡು ಉಳಿದದ್ದನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕು. ಹೊರಗೆ ಮಾರಿದರೆ ಅಪರಾಧ. ನಿಮ್ಮ ಕಣದಲ್ಲಿ ಒಣಗಿದ ಚೆರಿ (ಸಿಪ್ಪೆಸಹಿತ ಕಾಫಿ ಹಣ್ಣು) ಚೀಲ ಡಿಪೋಗೆ ಹೋದ ಕ್ಷಣದಿಂದ ಅದು ನಿಮ್ಮದಲ್ಲ, ದೇಶದ ಎಲ್ಲ ಬೆಳೆಗಾರರ ಕಾಫಿಯೊಂದಿಗೆ ಬೆರೆತ ಒಂದು ಲೆಕ್ಕ. ದರ್ಜೆ ನೋಡಿ ಅದಕ್ಕೆ ಇಷ್ಟು ಪಾಯಿಂಟ್ ಎಂದು ಹಾಕುತ್ತಿದ್ದರು. ಒಪ್ಪಿಸಿದಾಗ ಒಂದು ಮುಂಗಡ. ಮಂಡಳಿ ಒಳನಾಡಿನ ಹರಾಜಿನಲ್ಲೂ ರಫ್ತಿನ ಹರಾಜಿನಲ್ಲೂ ಮಾರಿ, ಖರ್ಚು ಕಳೆದು, ಪಾಯಿಂಟಿಗೆ ಇಷ್ಟು ಪೈಸೆ ಎಂದು ಘೋಷಿಸಿದಾಗ ಇನ್ನೊಂದು ಕಂತು. ಆಮೇಲೆ ಮತ್ತೊಂದು. ಒಂದು ಸಾಲಿನ ಬೆಳೆಯ ಲೆಕ್ಕ ಚುಕ್ತಾ ಆಗುವ ಹೊತ್ತಿಗೆ ಮುಂದಿನ ಬೆಳೆಯೂ ಡಿಪೋ ಸೇರಿರುತ್ತಿತ್ತು. ನಡುವಿನ ಖರ್ಚಿಗೆ ಸೊಸೈಟಿ, ಇಲ್ಲದಿದ್ದರೆ ಪೇಟೆಯ ಸಾಹುಕಾರ. ಬರಬೇಕಾದ ಕಂತಿನ ಮೇಲೆ ಸಾಲ ಎತ್ತಿ, ಕಂತು ಬಂದಾಗ ಬಡ್ಡಿಗೇ ಸರಿಹೋಯಿತು ಎನ್ನುವ ಮಾತು ಸಿದ್ದಾಪುರ, ಸುಂಟಿಕೊಪ್ಪ ಕಡೆಯ ಹಳಬರ ಬಾಯಲ್ಲಿ ಈಗಲೂ ಕೇಳುತ್ತದೆ.

ಈ ಕಾಫಿ ನಿಜಕ್ಕೂ ಯಾರದ್ದು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. ಕಡ್ಡಾಯವಾಗಿ ಒಪ್ಪಿಸಿದ್ದೂ ಮಾರಾಟವೇ, ಆದ್ದರಿಂದ ಅದಕ್ಕೆ ಖರೀದಿ ತೆರಿಗೆ ಬೀಳುತ್ತದೆ ಎಂದು 1988ರಲ್ಲಿ ತೀರ್ಪಾಯಿತು. ಮಾರುವ ಹಕ್ಕಿಲ್ಲ, ಮಾರಿದ್ದಕ್ಕೆ ತೆರಿಗೆ ಮಾತ್ರ ಉಂಟು ಎಂಬಲ್ಲಿಗೆ ಬಂದು ನಿಂತಾಗ ಬೆಳೆಗಾರರ ತಾಳ್ಮೆ ಕೆಟ್ಟದ್ದರಲ್ಲಿ ಆಶ್ಚರ್ಯವಿಲ್ಲ.

ಹಾಗೆಂದು ಪೂಲ್ ಬರೀ ಕೆಟ್ಟದ್ದಾಗಿತ್ತು ಎನ್ನಲಾಗದು. ಎರಡು ಎಕರೆಯವನ ಕಾಫಿಯೂ ಇನ್ನೂರು ಎಕರೆಯವನ ಕಾಫಿಯೂ ಒಂದೇ ತಕ್ಕಡಿಯಲ್ಲಿ ತೂಗುತ್ತಿತ್ತು. ಕೊಳ್ಳುವವರಿಲ್ಲ ಎಂಬ ವರ್ಷವೇ ಇರಲಿಲ್ಲ. ಮತ್ತೆ ಆ ಮಂಡಳಿಗೆ ಒಬ್ಬ ದೊಡ್ಡ ಗಿರಾಕಿ ಇದ್ದ: ಸೋವಿಯತ್ ಒಕ್ಕೂಟ.

ಈ ವ್ಯಾಪಾರವನ್ನು ವಿದೇಶಿ ಸಾಲದ ಚರ್ಚೆಯಲ್ಲಿ ಯಾರೂ ಎತ್ತುವುದಿಲ್ಲ. ಸೋವಿಯತ್ತಿನಿಂದ ತಂದ ಶಸ್ತ್ರ, ಯಂತ್ರಗಳ ಸಾಲವನ್ನು ನಾವು ಡಾಲರಿನಲ್ಲಿ ತೀರಿಸುತ್ತಿರಲಿಲ್ಲ. ರೂಪಾಯಿ ಲೆಕ್ಕದಲ್ಲಿ ಚಹಾ, ಕಾಫಿ, ತಂಬಾಕು, ಬಟ್ಟೆ ಕಳಿಸಿ ತೀರಿಸುತ್ತಿದ್ದೆವು. ಸೋಮವಾರಪೇಟೆಯ ಬೆಳೆಗಾರ ಡಿಪೋಗೆ ಇಳಿಸಿದ ಚೀಲ ಒಂದರ್ಥದಲ್ಲಿ ದೇಶದ ಸಾಲದ ಕಂತಾಗಿ ಹೋಗುತ್ತಿತ್ತು, ಅವನಿಗೆ ಅದು ಗೊತ್ತಿರಲಿಲ್ಲ ಅಷ್ಟೆ. 1991ರ ಡಿಸೆಂಬರ್‌ನಲ್ಲಿ ಆ ಒಕ್ಕೂಟವೇ ಒಡೆಯಿತು. ರೂಬಲ್ ಕುಸಿದಿತ್ತು, ಹಳೆಯ ಸಾಲವನ್ನು ಯಾವ ದರದಲ್ಲಿ ಲೆಕ್ಕ ಹಾಕುವುದು ಎಂದು ದೆಹಲಿ, ಮಾಸ್ಕೋ ನಡುವೆ ಜಗ್ಗಾಟ ನಡೆಯಿತು. 1993ರ ಜನವರಿಯಲ್ಲಿ ಯೆಲ್ಟ್ಸಿನ್ ದೆಹಲಿಗೆ ಬಂದಾಗ ಒಪ್ಪಂದವಾಯಿತು: ಸಾಲದ ದೊಡ್ಡ ಪಾಲು 12 ವರ್ಷಗಳಲ್ಲಿ, ಉಳಿದದ್ದು 45 ವರ್ಷಗಳಲ್ಲಿ, ತೀರಿಸುವುದು ಸರಕಿನ ಮೂಲಕವೇ. ಕುಸಿದ ನಾಣ್ಯಕ್ಕೆ ಇಷ್ಟು ಉದಾರ ದರ ಏಕೆ ಎಂಬ ಆಕ್ಷೇಪ ಆಗಲೂ ಇತ್ತು, ಅದರಲ್ಲಿ ಹುರುಳೂ ಇತ್ತು. ಐಎಂಎಫ್ ವಿರುದ್ಧ ನಡೆದ ಮೆರವಣಿಗೆಗಳ ಲೆಕ್ಕಕ್ಕೆ ಹೋಲಿಸಿದರೆ ಇದಕ್ಕೆ ಎದ್ದ ದನಿ ಏನೇನೂ ಅಲ್ಲ. ಸಾಲ ಕೊಟ್ಟವನು ಯಾರು ಎಂಬುದನ್ನು ನೋಡಿ ನಮ್ಮ ಸಿಟ್ಟೂ ಏರಿಳಿಯುತ್ತದೆ ಎಂದು ಕಾಣುತ್ತದೆ.

ಇತ್ತ ಕಾಫಿಯ ದರವೂ ನೆಲ ಕಚ್ಚಿತ್ತು. ದೇಶಗಳಿಗೆ ರಫ್ತಿನ ಪಾಲು ಹಂಚಿ ಬೆಲೆ ಕಾಯುತ್ತಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ 1989ರ ಜುಲೈನಲ್ಲಿ ಮುರಿದುಬಿದ್ದಿತ್ತು. ಕೋಟಾ ಇದ್ದಾಗ ಪೌಂಡಿಗೆ 120 ಸೆಂಟ್ ಆಚೀಚೆ ಇರುತ್ತಿದ್ದ ಬೆಲೆ 1992ರಲ್ಲಿ ಸರಾಸರಿ 53 ಸೆಂಟ್. ಅಪಮೌಲ್ಯದಿಂದ ರಫ್ತುದಾರನಿಗೆ ಲಾಭ ಎಂದು ಪತ್ರಿಕೆಗಳು ಬರೆದವು. ಪೂಲ್‌ನೊಳಗೆ ಕೂತ ಬೆಳೆಗಾರನ ಕೈಗೆ ಆ ಲಾಭ ಬರಬೇಕಾದರೆ ಅದೂ ಕಂತಿನಲ್ಲೇ ಬರಬೇಕಿತ್ತು. ಗೊಬ್ಬರದ ಬೆಲೆ ಮಾತ್ರ ಕಂತಿನಲ್ಲಿ ಏರಲಿಲ್ಲ. 1992ರ ಆಗಸ್ಟ್‌ನಲ್ಲಿ ರಂಜಕ, ಪೊಟ್ಯಾಷ್ ಗೊಬ್ಬರಗಳ ಮೇಲಿನ ನಿಯಂತ್ರಣ ತೆಗೆದಾಗ ಪೊಟ್ಯಾಷ್ ಬೆಲೆ ದುಪ್ಪಟ್ಟನ್ನೂ ಮೀರಿತು. ಕಾಫಿ ಗಿಡಕ್ಕೆ, ಅದರಲ್ಲೂ ಫಸಲು ಹೊತ್ತ ರೋಬಸ್ಟಾಗೆ, ಪೊಟ್ಯಾಷ್ ತಪ್ಪಿಸುವಂತಿಲ್ಲ.

ಈ ಹಿನ್ನೆಲೆಯಲ್ಲಿ ಬಿಡುಗಡೆ ಮೆಟ್ಟಿಲು ಮೆಟ್ಟಿಲಾಗಿ ಬಂತು. 1992ರಲ್ಲಿ ಬೆಳೆಯ ಶೇ 30ನ್ನು ಒಳನಾಡಿನಲ್ಲಿ ತಾವೇ ಮಾರಲು ಅನುಮತಿ, ಮರುವರ್ಷ ಶೇ 50ರ ಮುಕ್ತ ಮಾರಾಟ, 1995ರ ಹೊತ್ತಿಗೆ 10 ಹೆಕ್ಟೇರ್ ಒಳಗಿನ ಸಣ್ಣ ಬೆಳೆಗಾರರಿಗೆ ಪೂರ್ತಿ ಸ್ವಾತಂತ್ರ್ಯ, 1996ರ ಸೆಪ್ಟೆಂಬರ್‌ನಲ್ಲಿ ಎಲ್ಲರಿಗೂ. ಸಾಲ ಕೊಟ್ಟವರ ಷರತ್ತುಪಟ್ಟಿಯಲ್ಲಿ ಕಾಫಿಯ ಹೆಸರಿತ್ತು ಎಂದು ಹೇಳುತ್ತಿಲ್ಲ. ನಿಯಂತ್ರಣ ತೆಗೆಯುವ ಗಾಳಿ ದೆಹಲಿಯಲ್ಲಿ ಬೀಸಿತ್ತು, ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರು ಅದಕ್ಕೂ ಮೊದಲಿನಿಂದ ಬಾಗಿಲು ಬಡಿಯುತ್ತಿದ್ದರು. ಎರಡೂ ಕೂಡಿಬಂದವು.

ರಾಜಕೀಯ ಗೊಂದಲ ಗಟ್ಟಿಯಾದದ್ದು ಇಲ್ಲೇ. ಅದೇ ವರ್ಷಗಳಲ್ಲಿ ರಾಜ್ಯದ ಬಯಲುಸೀಮೆಯಲ್ಲಿ ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ವಿಶ್ವ ವ್ಯಾಪಾರ ಒಪ್ಪಂದದ ಕರಡಾದ ಡಂಕೆಲ್ ಪ್ರಸ್ತಾವದ ವಿರುದ್ಧ ಹೋರಾಡುತ್ತಿತ್ತು. 1992ರ ಡಿಸೆಂಬರ್‌ನಲ್ಲಿ ಅಮೆರಿಕದ ಕಂಪನಿ ಕಾರ್ಗಿಲ್‌ನ ಬೆಂಗಳೂರು ಕಚೇರಿಗೆ ರೈತರು ನುಗ್ಗಿದರು. ಒಂದೇ ರಾಜ್ಯದ ರೈತರಲ್ಲಿ ಒಬ್ಬರು ವಿದೇಶಿ ಮಾರುಕಟ್ಟೆ ಬೇಡವೆಂದು ಬೀದಿಗಿಳಿದರೆ, ಇನ್ನೊಬ್ಬರು ಮಾರುಕಟ್ಟೆಗೆ ಬಿಡಿ ಎಂದು ಹಠ ಹಿಡಿದರು. ಇಬ್ಬರನ್ನೂ ಒಂದೇ ವೇದಿಕೆಗೆ ಕರೆದು, ನಿಮ್ಮ ಅಂಜಿಕೆ ಏನು, ನಿಮ್ಮ ಆಸೆ ಏನು ಎಂದು ಕೇಳಿದ ಪಕ್ಷ ಒಂದೂ ಇರಲಿಲ್ಲ. 1991ರಲ್ಲಿ ಈ ನೀತಿಯನ್ನು ವಿರೋಧಿಸಿದ್ದ ಜನತಾದಳವೇ 1996ರಲ್ಲಿ ಅಧಿಕಾರದಲ್ಲಿತ್ತು. ಪ್ರಧಾನಿ ನಮ್ಮ ಪಕ್ಕದ ಹಾಸನದವರು, ಸಂಪುಟದಲ್ಲಿ ಸಿಪಿಐ, ಹೊರಗಿನಿಂದ ಸಿಪಿಎಂ ಬೆಂಬಲ. ಕಾಫಿಯ ಕೊನೆಯ ಬೀಗ ತೆಗೆದದ್ದು ಆ ಸರ್ಕಾರದ ಕಾಲದಲ್ಲೇ. ಯಾರೂ ಅದನ್ನು ಐಎಂಎಫ್ ಎದುರಿನ ಶರಣಾಗತಿ ಎಂದು ಕರೆಯಲಿಲ್ಲ.

ಬಿಡುಗಡೆಯ ಮೊದಲ ರುಚಿ ಸಿಹಿಯಾಗಿತ್ತು. 1994ರ ಮಧ್ಯದಲ್ಲಿ ಬ್ರೆಜಿಲ್‌ನ ತೋಟಗಳ ಮೇಲೆ ಹಿಮ ಬಿದ್ದು, ಆ ವರ್ಷವೂ ಮರುವರ್ಷವೂ ವಿಶ್ವದ ಸರಾಸರಿ ಬೆಲೆ ಪೌಂಡಿಗೆ 130 ಸೆಂಟ್ ದಾಟಿತು. ಕಾಫಿ ಮಾರಿದ ದಿನವೇ ದುಡ್ಡು ಕೈಗೆ ಬರುವುದನ್ನು ಒಂದಿಡೀ ತಲೆಮಾರು ಮೊದಲ ಬಾರಿ ಕಂಡಿತು. ಹೊಸ ಮನೆ, ಹೊಸ ಜೀಪು, ಮಕ್ಕಳಿಗೆ ಬೆಂಗಳೂರಿನ ಕಾಲೇಜು. ಬ್ಯಾಂಕುಗಳೂ ಮನೆ ಬಾಗಿಲಿಗೆ ಬಂದವು, ತೋಟದ ಮೇಲೆ ಕೇಳಿದಷ್ಟು ಸಾಲ.

ವಿಯೆಟ್ನಾಂ ರೋಬಸ್ಟಾ ಮಾರುಕಟ್ಟೆ ತುಂಬಿದ ಮೇಲೆ 2001ರಲ್ಲಿ ಅದೇ ಸರಾಸರಿ ಸುಮಾರು 45 ಸೆಂಟ್‌ಗೆ ಇಳಿಯಿತು. ಈಗ ಕೊಳ್ಳಲೇಬೇಕಾದ ಮಂಡಳಿ ಇರಲಿಲ್ಲ. ಕುಯ್ಯುವ ಕೂಲಿಯೂ ಹುಟ್ಟದೆ ಹಣ್ಣು ಗಿಡದಲ್ಲೇ ಒಣಗಲು ಬಿಟ್ಟವರಿದ್ದರು. ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ವಾರದ ಆರು ದಿನದ ಕೆಲಸ ಮೂರಾಯಿತು. ಚಿನ್ನ, ಡಾಲರ್, ಮುಕ್ತ ಮಾರಾಟ ಯಾವ ಚರ್ಚೆಯಲ್ಲೂ ಆ ಮನೆಯವರ ದನಿ ಇರಲಿಲ್ಲ, ಪೆಟ್ಟು ಮಾತ್ರ ಮೊದಲು ಅವರಿಗೇ ಬಿತ್ತು. ಕೇಂದ್ರ 2002ರಲ್ಲಿ ಬೆಳೆಗಾರರ ಹಳೆಯ ಸಾಲಗಳನ್ನು ವಿಶೇಷ ಅವಧಿ ಸಾಲವಾಗಿ ಬದಲಿಸಿತು, 2010ರಲ್ಲಿ ಸಣ್ಣ ಬೆಳೆಗಾರರಿಗೆ ಸಾಲ ಪರಿಹಾರ ಯೋಜನೆ ತಂದಿತು. ಸಾಲ ಕೊಟ್ಟ ವಿದೇಶಿಯರ ಎದುರು ದೇಶ ನಿಂತಿದ್ದ ಜಾಗದಲ್ಲಿ ಹತ್ತು ವರ್ಷ ಕಳೆಯುವಷ್ಟರಲ್ಲಿ ಬೆಳೆಗಾರ ನಿಂತಿದ್ದ, ಎದುರಿಗೆ ಊರಿನ ಬ್ಯಾಂಕ್.

ಮಾರುವ ಹಕ್ಕು ಬೆಳೆದವನಿಗೇ ಇರಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಪೂಲ್ ತೆಗೆದವರು ಬೆಲೆ ಬಿದ್ದಾಗ ಹಿಡಿಯಲು ಏನನ್ನೂ ಇಡದೆ ಹೋದರು. ತೆಗೆಯಿರಿ ಎಂದು ಕೇಳಿದ ನಮ್ಮವರೂ ಆ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಲಿಲ್ಲ.

ಇಂದಿನ ಜಗಳ ಸರ್ಫೇಸಿ ಕಾಯ್ದೆಯ ಸುತ್ತ. ಸಾಲ ತೀರಿಸದವರ ಆಸ್ತಿಯನ್ನು ನ್ಯಾಯಾಲಯಕ್ಕೆ ಹೋಗದೆಯೇ ಹರಾಜು ಹಾಕಲು ಬ್ಯಾಂಕುಗಳಿಗೆ ಅಧಿಕಾರ ಕೊಡುವ 2002ರ ಈ ಕಾಯ್ದೆ ಕೃಷಿ ಭೂಮಿಯನ್ನು ಹೊರಗಿಟ್ಟಿದೆ. ಕಾಫಿ ತೋಟ ಕೃಷಿ ಭೂಮಿಯೋ ವಾಣಿಜ್ಯ ಆಸ್ತಿಯೋ ಎಂಬಲ್ಲಿ ಎಳೆದಾಟ. 2018ರ ಮಳೆ, ಭೂಕುಸಿತದ ನಂತರ ಕಂತು ಕಟ್ಟಲಾಗದವರಿಗೂ ನೋಟಿಸು ಬಂದಿವೆ. ತೋಟಗಳನ್ನು ಈ ಕಾಯ್ದೆಯಿಂದ ಹೊರಗಿಡಿ ಎಂದು ಬೆಳೆಗಾರರ ಸಂಘಟನೆಗಳು ದೆಹಲಿಗೆ ಹೋಗಿ ಬಂದಿವೆ, ಮನವಿ ಪಡೆಯದ ಪಕ್ಷವಿಲ್ಲ. 2024ರಲ್ಲಿ 50 ಕಿಲೋ ರೋಬಸ್ಟಾ ಚೆರಿ ಚೀಲಕ್ಕೆ 10 ಸಾವಿರ ರೂಪಾಯಿ ಬಂದ ಮೇಲೆ ಕೆಲವರು ಹಳೆ ಬಾಕಿ ಕಟ್ಟಿ ತೋಟದ ಪತ್ರ ಬಿಡಿಸಿಕೊಂಡರು. ಬೆಲೆ ಏರುವ ಮೊದಲೇ ತೋಟ ಕೈಬಿಟ್ಟವರಿಗೆ ಆ ಅವಕಾಶವೂ ಸಿಗಲಿಲ್ಲ.