ಹೆಸರು ಬದಲಿಸಲು ಒಪ್ಪುವ ಮುಂಚೆ

ತಮ್ಮ ಬದುಕಿನ ಕತೆಯ ಸಿನಿಮಾ ಅಗ್ರಿಮೆಂಟ್ ಹಿಡಿದುಕೊಂಡು ನನ್ನ ವಕೀಲಿ ಕಚೇರಿಗೆ ಬರುವವರು ಕೂತ ಕೂಡಲೇ ಕೇಳುವುದು, "ಸರ್, ನನ್ನ ಪಾತ್ರ ಯಾರು ಮಾಡ್ತಾರೆ?" ಎರಡನೆಯ ಪ್ರಶ್ನೆ ದುಡ್ಡಿನದು. ಅಗ್ರಿಮೆಂಟ್ ಓದಿದ್ದೀರಾ ಅಂದರೆ, "ಅದಕ್ಕೇ ನೀವಿದ್ದೀರಲ್ಲ" ಎಂಬ ಉತ್ತರ.

ಹೇಳಿ ಹೇಳಿ ಬಾಯಿ ಸೋತಿದೆ, ಆದರೂ ಇನ್ನೊಮ್ಮೆ. ಬದುಕಿನ ಕತೆಯ ಹಕ್ಕು ಮಾರಿದರೆ, ನನ್ನನ್ನು ಇದ್ದ ಹಾಗೇ ತೋರಿಸಿ ಎಂದು ಕೇಳುವ ಅಧಿಕಾರವೇನೂ ನಿಮಗೆ ಬರುವುದಿಲ್ಲ. ಹೇಗೆ ತೋರಿಸಿದರೂ ದಾವೆ ಹೂಡುವುದಿಲ್ಲ ಎಂದು ನೀವೇ ಬರೆದುಕೊಟ್ಟಿರುತ್ತೀರಿ. ನಿರ್ಮಾಪಕರು ಕೊಡುವ ಹಣದ ದೊಡ್ಡ ಪಾಲು ಆ ಸಾಲಿಗೇ. ಒಳಪುಟದಲ್ಲೆಲ್ಲೋ ಇನ್ನೊಂದು ಷರತ್ತು ಇರುತ್ತದೆ: ಪಾತ್ರದ ಹೆಸರು, ವಯಸ್ಸು, ಊರು, ಮೂಲ ಬದಲಿಸಬಹುದು, ಹಲವರನ್ನು ಸೇರಿಸಿ ಒಂದೇ ಪಾತ್ರ ಮಾಡಬಹುದು. ಇದನ್ನು ಓದಿ ಜನ ಖುಷಿಪಡುತ್ತಾರೆ! "ಒಳ್ಳೇದಾಯ್ತು ಸರ್, ಹೆಸರು ಬರಲ್ಲ, ನೆಂಟರಿಗೆಲ್ಲ ಉತ್ತರ ಕೊಡೋದು ತಪ್ತು."

ತಪ್ಪುವುದು ಅದೊಂದೇ ಅಲ್ಲ. ಜೆಫ್ ಮಾ ಎಂಬ ಚೀನೀ ಮೂಲದ ಅಮೆರಿಕನ್ ಹುಡುಗನ ಉದಾಹರಣೆ ನೋಡಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಓದುವಾಗ ಅಲ್ಲಿನ ತಂಡ ಸೇರಿಕೊಂಡು, ಇಸ್ಪೀಟು ಎಲೆಗಳ ಲೆಕ್ಕ ಇಟ್ಟು, ಲಾಸ್ ವೇಗಸ್ಸಿನ ಕ್ಯಾಸಿನೋಗಳಲ್ಲಿ ಬ್ಲ್ಯಾಕ್‌ಜಾಕ್ ಎಂಬ ಜೂಜಾಟ ಗೆದ್ದವರು. ಆ ಕತೆ ಹೇಳಿದ 2002ರ ಪುಸ್ತಕದಲ್ಲಿ ಅವರು ಕೆವಿನ್ ಲೂಯಿಸ್ ಆದರು, ಚೀನೀ ಮೂಲ ಮಾತ್ರ ಹಾಗೇ ಇತ್ತು. 2008ರ '21' ಸಿನಿಮಾಕ್ಕೆ ಬರುವ ಹೊತ್ತಿಗೆ ಬೆನ್ ಕ್ಯಾಂಪ್‌ಬೆಲ್. ಕ್ಯಾಂಪ್‌ಬೆಲ್ ಎಂಬ ಹೆಸರಿನವನಿಗೆ ಚೀನೀ ಮುಖ ಯಾಕೆ ಬೇಕು? ಇಂಗ್ಲೆಂಡಿನ ಬಿಳಿಯ ನಟ ಜಿಮ್ ಸ್ಟರ್ಜೆಸ್ ಬಂದರು. ತಂಡ ನಡೆಸಿದವರಲ್ಲಿ ಒಬ್ಬರಾದ ಜಾನ್ ಚಾಂಗ್ ಅವರ ಛಾಯೆಯಿದ್ದ ಗುರುವಿನ ಪಾತ್ರ ಇನ್ನೊಬ್ಬ ಬಿಳಿಯ ನಟ ಕೆವಿನ್ ಸ್ಪೇಸಿಗೆ ಹೋಯಿತು. ಏಷ್ಯಾದ ಮುಖಗಳು ಇರಲೇ ಇಲ್ಲ ಅನ್ನುವಂತಿಲ್ಲ, ಪಕ್ಕದಲ್ಲಿ ಇಬ್ಬರಿದ್ದರು. ಜೆಫ್ ಮಾ ತಕರಾರು ಮಾಡಲಿಲ್ಲ, ಸಿನಿಮಾದಲ್ಲಿ ಎಲೆ ಹಂಚುವವನಾಗಿ ಒಂದು ಗಳಿಗೆ ಕಾಣಿಸಿಕೊಂಡರು ಕೂಡ. ಅದು ಅವರ ಇಷ್ಟ. ನಾನು ತೋರಿಸುತ್ತಿರುವುದು ಬದಲಾವಣೆ ಆದ ಜಾಗ. ಬೇರೆ ಮೂಲದವರ ಪಾತ್ರವನ್ನು ಹೀಗೆ ಬಿಳಿಯರಿಗೆ ಕೊಡುವುದಕ್ಕೆ ವೈಟ್‌ವಾಷಿಂಗ್ ಅನ್ನುತ್ತಾರೆ, ನಮ್ಮ ಮಾತಲ್ಲಿ ಸುಣ್ಣ ಬಳಿಯುವುದು. ಎಲ್ಲರೂ ನಟನ ಆಯ್ಕೆಯ ದಿನ ಗಲಾಟೆ ಮಾಡುತ್ತಾರೆ. ಅಷ್ಟು ಹೊತ್ತಿಗೆ ಸುಣ್ಣ ಒಣಗಿರುತ್ತದೆ.

ಹೆಸರು ಉಳಿಸಿಕೊಂಡರೆ ಎಲ್ಲ ಉಳಿಯುತ್ತದೆ ಎಂದೂ ಹೇಳಲಾರೆ. ಫೇಸ್‌ಬುಕ್ ಹುಟ್ಟಿನ ಕತೆ ಹೇಳಿದ 2010ರ ಸಿನಿಮಾದಲ್ಲಿ ದಿವ್ಯಾ ನರೇಂದ್ರ ಎಂಬ ಯುವಕನ ಹೆಸರು ಹಾಗೇ ಇತ್ತು. ಭಾರತೀಯ ಮೂಲದ ಆ ಪಾತ್ರ ಮಾಡಿದ್ದು ಬ್ರಿಟಿಷ್ ನಟ ಮ್ಯಾಕ್ಸ್ ಮಿಂಗೆಲ್ಲಾ. ಅವರ ತಾಯಿ ಹಾಂಗ್‌ಕಾಂಗ್ ಮೂಲದವರು, ಹಾಗಾಗಿ ಪೂರ್ತಿ ಬಿಳಿ ಲೆಕ್ಕವೂ ಅಲ್ಲ. ಆದರೆ ಹೆಸರು ಇದ್ದದ್ದಕ್ಕೆ ತಾನೇ ನೋಡಿದವರು ಇದೇನಿದು ಅಂದದ್ದು? ಬೆನ್ ಕ್ಯಾಂಪ್‌ಬೆಲ್ಲನನ್ನು ನೋಡಿ ಕೇಳಬೇಕೆಂದರೆ ಮೂಲ ಕತೆ ಮೊದಲೇ ಗೊತ್ತಿರಬೇಕು.

ನಮ್ಮ ಕಡೆಯದೂ ಒಂದಿದೆ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಸಾಹಸ 2020ರಲ್ಲಿ ತಮಿಳು ತೆರೆಗೆ ಬಂದಾಗ ಮದುರೈ ಸೀಮೆಯ ನೆಡುಮಾರನ್ ಕತೆಯಾಯಿತು. ಕಲ್ಪನೆ ಬಹಳವಿದ್ದರೂ ತಮ್ಮ ಆತ್ಮಕತೆಯ ಸಾರ ಹಿಡಿದಿದೆ ಎಂದು ಗೋಪಿನಾಥ್ ಮೆಚ್ಚಿಕೊಂಡರು. ಇದು ಸುಣ್ಣದ ಸಾಲಿಗೆ ಸೇರದು, ಆದರೆ ನುಗ್ಗಿದ ಬಾಗಿಲು ಅದೇ.

ಸತ್ತವರ ವಿಷಯದಲ್ಲಿ ಎಷ್ಟೋ ಸಲ ಅಗ್ರಿಮೆಂಟಿನ ರಗಳೆಯೂ ಇಲ್ಲ. ಸಯಾಮಿನ, ಅಂದರೆ ಇಂದಿನ ಥಾಯ್ಲೆಂಡಿನ, ದೊರೆ ಮೊಂಗ್‌ಕುಟ್ 27 ವರ್ಷ ಭಿಕ್ಷುವಾಗಿದ್ದವನು, ಇಂಗ್ಲಿಷ್, ಲ್ಯಾಟಿನ್ ಕಲಿತವನು. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣವನ್ನು ಮೊದಲೇ ಲೆಕ್ಕ ಹಾಕಿ ಹೇಳಿದ್ದ. ನೋಡಲು ಹೋದಲ್ಲಿ ಮಲೇರಿಯಾ ತಗುಲಿ ಅದೇ ವರ್ಷ ತೀರಿಕೊಂಡ. ತೆರೆಯ ಮೇಲೆ 1946ರಲ್ಲಿ ಇಂಗ್ಲೆಂಡಿನ ರೆಕ್ಸ್ ಹ್ಯಾರಿಸನ್, 1956ರಲ್ಲಿ ರಷ್ಯಾದಲ್ಲಿ ಹುಟ್ಟಿದ ಯೂಲ್ ಬ್ರಿನ್ನರ್ ಅವನಾದರು, ಬ್ರಿನ್ನರ್‌ಗೆ ಆಸ್ಕರ್ ಬಂತು. ಥಾಯ್ಲೆಂಡ್ ಆ ಸಿನಿಮಾ ನಿಷೇಧಿಸಿತು. ಅವನ ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಹೋದ ಆ್ಯನಾ ಲಿಯೋನೊವೆನ್ಸ್ ಹುಟ್ಟಿದ್ದು ನಮ್ಮ ಅಹಮದ್‌ನಗರದಲ್ಲಿ; ಅಜ್ಜಿಯ ಕಡೆಯಿಂದ ಭಾರತದ ರಕ್ತವಿತ್ತು ಎಂದು ಜೀವನಚರಿತ್ರೆ ಬರೆದವರು ಊಹಿಸುತ್ತಾರೆ. ಆಕೆ ಮಾತ್ರ ವೇಲ್ಸಿನವಳೆಂದು ಹೇಳಿಕೊಂಡು ಬದುಕಿದಳು.

ಹೋದ ವರ್ಷ ಧಾರವಾಡ ಮೂಲದ, ಅಮೆರಿಕದಲ್ಲಿರುವ ವೈದ್ಯೆಯೊಬ್ಬರು ಬಂದಿದ್ದರು. ಜೊತೆಗೆ ತಂದೆ, ನಿವೃತ್ತ ಮೇಷ್ಟ್ರು. ಮಗಳು ದುಡ್ಡಿನ ಪುಟ ನೋಡುತ್ತಿದ್ದರೆ ಇವರು ಕನ್ನಡಕ ಹಣೆಗೇರಿಸಿ, ಒಂಬತ್ತನೇ ಪುಟವನ್ನು ಮೂಗಿನ ಹತ್ತಿರ ಹಿಡಿದು ಬೆರಳಿಟ್ಟು ಓದುತ್ತಿದ್ದರು.

"ಅಲ್ರೀ ವಕೀಲ್ರ, ಹೆಸರು ಇವ್ರ ಕೈಯಾಗ, ಊರು ಇವ್ರ ಕೈಯಾಗ. ಮತ್ತ ಇದ್ರಾಗ ನಮ್ಮ ಹುಡುಗೀದು ಏನು ಉಳೀತು?"

"ಅಪ್ಪಾ, ಸುಮ್ನಿರ್ರಿ ನೀವು," ಎಂದರು ಮಗಳು.

ಮೇಷ್ಟ್ರಿಗೆ ಆಗಲೇ ಒಂದು ಕುರ್ಚಿ ಹಾಕಿ ಜೂನಿಯರ್ ಮಾಡಿಕೊಳ್ಳಬೇಕು ಅನ್ನಿಸಿತು. 'ಮೂಲ' ಎಂಬ ಒಂದೇ ಪದ ತೆಗೆಯಿರಿ ಎಂದು ನಿರ್ಮಾಪಕರಿಗೆ ಬರೆದೆ. ಇಂಥ ಪತ್ರಗಳು ಎಲ್ಲ ಸಲ ಫಲಿಸುವುದಿಲ್ಲ. ಹೊಸಬರ ಕತೆಗೆ ಚೌಕಾಸಿಯ ಬಲ ಕಮ್ಮಿ, ನಿಮ್ಮ ಕರಾರಿನ ಮಾತೂ ಬೇರೆ ಇದ್ದೀತು. ಹನ್ನೊಂದು ದಿನ ಬಿಟ್ಟು ಉತ್ತರ ಬಂತು: ಪದ ಇರುತ್ತದೆ, ಬದಲಿಸುವ ಮುಂಚೆ 'ಸಮಾಲೋಚಿಸಲಾಗುವುದು'. ಸಮಾಲೋಚನೆ ಎಂದರೆ ಒಂದು ಫೋನು ಎಂದು ತಿಳಿಸಿ ಹೇಳಿದೆ. ತಮ್ಮ ಕತೆಯಲ್ಲಿ ಬರುವ ಕಾಯಿಲೆ ನಾಲ್ಕು ಜನಕ್ಕೆ ಗೊತ್ತಾದರೆ ಸಾಕು ಎಂದು ಆಕೆ ಸಹಿ ಹಾಕಿದರು. ಮೇಷ್ಟ್ರು ಒಂಬತ್ತನೇ ಪುಟದ ಜೆರಾಕ್ಸ್ ಮಾಡಿಸಿಕೊಂಡು, ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಇಟ್ಟುಕೊಂಡರು.