ಮೀನು ಮೇಲೆದ್ದರೂ ತೇಲುವ ಫ್ಲೈಯನ್ನು ಯಾಕೆ ಮುಟ್ಟುವುದಿಲ್ಲ?

ಪ್ರಶ್ನೆ: ನಾವು ಕಲಬುರಗಿಯವರು. ಹಿಮಾಚಲದ ತೀರ್ಥನ್ ಹೊಳಿಗಿ ಟ್ರೌಟ್ ಹಿಡಿಲಿಕ್ಕ ಹೊಂಟೀವ್ರಿ. ಸಂಜಿಮುಂದ ಮೀನು ಮ್ಯಾಲ ಏಳ್ತಾವಂತ, ಆದ್ರ ತೇಲೋ ಫ್ಲೈ (ಕೊಕ್ಕಿಗೆ ಗರಿ, ದಾರ ಕಟ್ಟಿ ಮಾಡಿದ ನಕಲಿ ಹುಳ) ಬಿಟ್ರ ಮುಟ್ಟಲ್ಲಂತ. ಏನ್ ಕಟ್ಕೊಂಡು ಹೋಗ್ಬೇಕ್ರಿ?

ಉತ್ತರ: ಆಗ ಅವು ನೀರಿನ ಮೇಲೆ ಕೂತ ಹುಳವನ್ನು ತಿನ್ನುತ್ತಿರುವುದಿಲ್ಲ, ಮೇಲ್ಪದರದಲ್ಲಿ ಸಿಕ್ಕಿಕೊಂಡ ಹುಳವನ್ನು ತಿನ್ನುತ್ತಿರುತ್ತವೆ. ಮೇಫ್ಲೈ, ನೊರಜಿನಂಥ ಹುಳಗಳು ನೀರಿನ ತಳದಲ್ಲಿ ಬೆಳೆದು, ರೆಕ್ಕೆ ಬಲಿತಾಗ ಮೇಲೇರಿ ಪೊರೆ ಬಿಡುತ್ತವೆ. ಪೊರೆ ಪೂರ್ತಿ ಕಳಚುವ ತನಕ ಹಾರಲು ಬಾರದು. ಮೀನಿಗೆ ಅಷ್ಟು ಹೊತ್ತು ಸಾಕು. ಮೂತಿ ಮೇಲೆ ಬಂದು ನೀರಿನಲ್ಲಿ ಗುಳ್ಳೆ ಉಳಿದರೆ ತೇಲುವ ಹುಳ ತಿಂದಿದೆ. ಬೆನ್ನು ಮಾತ್ರ ಹೊರಳಿ, ಗುಳ್ಳೆ ಕಾಣದಿದ್ದರೆ ಹೆಚ್ಚಾಗಿ ಎಮರ್ಜರ್, ಅಂದರೆ ಹೀಗೆ ಪೊರೆ ಬಿಡುತ್ತಿರುವ ಹುಳ. ನೀವು ಕಟ್ಟಬೇಕಾದದ್ದು ಅದರ ನಕಲನ್ನೇ.

ಕಟ್ಟಲು 18ನೇ ನಂಬರಿನ ಬಾಗಿದ ಕೊಕ್ಕೆ, 8/0 ಅಳತೆಯ ತೀರಾ ತೆಳುವಾದ ಕಂದು ದಾರ ಸಾಕು. ಹೊಲಿಗೆ ದಾರ ಬೇಡ. ಇಷ್ಟು ಚಿಕ್ಕ ಕೊಕ್ಕೆಯಲ್ಲಿ ನಾಲ್ಕು ಸುತ್ತಿಗೇ ದಪ್ಪವಾಗುತ್ತದೆ. ಬಾಲದ ಕಡೆ ಕಂದು ಉಲನ್ನಿನ 8-10 ಎಳೆ ಬಿಡಿಸಿ ಕಟ್ಟಿ, ಕೊಕ್ಕೆಯ ಅರ್ಧ ಉದ್ದಕ್ಕೆ ಕತ್ತರಿಸಿ. ಇದು ಅರ್ಧ ಕಳಚಿದ ಪೊರೆ. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಕೇಳಿದರೆ 0.1 ಮಿಲಿಮೀಟರ್ ತಾಮ್ರದ ತಂತಿಯ ತುಂಡು ಸಿಗುತ್ತದೆ; ಬರೀ ದಾರ ಸುತ್ತಿದ ಮೈಮೇಲೆ ಅದನ್ನು ನಾಲ್ಕು ಸುತ್ತು ಬಿಡಿಬಿಡಿಯಾಗಿ ಹಾಕಿ. ಮೈಯ ಮುಂಭಾಗದಲ್ಲಿ ಎರಡು ಸಿ.ಡಿ.ಸಿ. (CDC) ಗರಿಗಳನ್ನು ಜೋಡಿಸಿ ರೆಕ್ಕೆ ಕಟ್ಟಿ. ಬಾತುಕೋಳಿಯ ಎಣ್ಣೆಗ್ರಂಥಿಯ ಸುತ್ತ ಬೆಳೆಯುವ ಈ ಗರಿಯ ಎಳೆಗಳು ಗಾಳಿ ಹಿಡಿದಿಟ್ಟು ತೇಲಿಸುತ್ತವೆ. ರೆಕ್ಕೆಯ ಬುಡಕ್ಕೆ ಮೊಲದ ತುಪ್ಪಳವನ್ನು ದಾರಕ್ಕೆ ಹೊಸೆದು ಎರಡೇ ಸುತ್ತು. ಕೆಡುವುದು ಬಹುತೇಕ ಇಲ್ಲೇ: ತುಪ್ಪಳ ಹೆಚ್ಚಾಗಿ ಉಂಡೆಯಾಗುತ್ತದೆ, ಕೊಕ್ಕೆಯ ಕಣ್ಣು ಮುಚ್ಚಿಹೋಗುತ್ತದೆ. ಕಣ್ಣಿನ ಹಿಂದೆ ಒಂದು ಮಿಲಿಮೀಟರ್ ಜಾಗ ಮೊದಲೇ ಬಿಟ್ಟುಕೊಂಡಿರಿ. ನಮ್ಮ ಬೇಸಿಗೆಯಲ್ಲಿ ಕಷ್ಟವೇ, ಆದರೂ ಗರಿ ಕಟ್ಟುವಾಗ ಫ್ಯಾನ್ ಬಂದ್ ಮಾಡಲೇಬೇಕು. ಬೆವರಿದ ಕೈಯಲ್ಲಿ ಗರಿ ಮುಟ್ಟಬೇಡಿ, ಎಳೆ ಅಂಟಿಕೊಳ್ಳುತ್ತದೆ.

ಕಟ್ಟಿದ್ದನ್ನು ಬಕೆಟ್ ನೀರಿಗೆ ಹಾಕಿ, ಬದಿಯಿಂದ ನೋಡಿ. ರೆಕ್ಕೆ ಮೇಲೆ, ಬಾಲ ಮತ್ತು ಕೊಕ್ಕೆಯ ಬಾಗು ನೀರೊಳಗೆ ಇರಬೇಕು. ಅಡ್ಡಕ್ಕೆ ತೇಲಿದರೆ ರೆಕ್ಕೆ ಹೆಚ್ಚಾಗಿದೆ, ತುದಿ ಸ್ವಲ್ಪ ಚಿವುಟಿ. ಕತ್ತರಿ ಹಾಕಿದರೆ ಅಂಚು ಮೊಂಡಾಗುತ್ತದೆ.

ಹೊಳೆಯಲ್ಲಿ ಫ್ಲೈ ಕಟ್ಟುವ ತುದಿಗೆ 6ಎಕ್ಸ್ ಅಥವಾ 7ಎಕ್ಸ್ ಅಳತೆಯ ತೆಳುವಾದ ಗಾಳದ ಎಳೆ ಬಳಸಿ. ಅದರ ಕೊನೆಯ ಒಂದಡಿ ಮುಳುಗಲೇಬೇಕು. ಮೇಲೆ ತೇಲುವ ಎಳೆ ಮೀನಿಗೆ ಎದ್ದು ಕಾಣುತ್ತದೆ. ಮುಲ್ತಾನಿ ಮಿಟ್ಟಿಗೆ ಪಾತ್ರೆ ತೊಳೆಯುವ ಲಿಕ್ವಿಡ್, ಎರಡು ಹನಿ ಗ್ಲಿಸರಿನ್ ಕಲಸಿ ಆ ಒಂದಡಿಗೆ ಉಜ್ಜಿ. ಹರಿವಿಗೆ ಎದುರಾಗಿ ಓರೆಯಲ್ಲಿ ಎಸೆದು, ಫ್ಲೈ ತಾನಾಗಿ ಬರಲು ಬಿಡಿ. ಎಳೆ ಜಗ್ಗಿ ಫ್ಲೈ ನೀರಿನಲ್ಲಿ ಗೆರೆ ಎಳೆದರೆ ಮೀನು ಬಿಟ್ಟುಬಿಡುತ್ತದೆ. ಮುಸ್ಸಂಜೆಯಲ್ಲಿ ಫ್ಲೈ ಕಾಣದಿದ್ದರೆ ಮುಂದೆ ದೊಡ್ಡ ತೇಲುವ ಫ್ಲೈ ಕಟ್ಟಿ, ಅದರ ಕೊಕ್ಕೆಯಿಂದ ಒಂದೂವರೆ ಅಡಿ ಹಿಂದೆ ಎಮರ್ಜರ್ ಬಿಡಿ. ಮೀನು ಕಚ್ಚಿದಾಗ ಕೋಲನ್ನು ಮೆಲ್ಲಗೆ ಎತ್ತಿ; 7ಎಕ್ಸ್ ಝಟಕಾ ತಡೆಯುವುದಿಲ್ಲ.

ಟ್ರೌಟ್ ತಣ್ಣೀರಿನ ಮೀನು, ಭೀಮೆಯಲ್ಲಿ ಬದುಕದು. ಆದರೆ ಯಾದಗಿರಿ ಹತ್ತಿರದ ಭೀಮೆಯಲ್ಲೋ, ಬೀದರಿನ ಕಾರಂಜಾ ಹಿನ್ನೀರಿನಲ್ಲೋ ನೊರಜು ಏಳುವ ಸಂಜೆ ಸಣ್ಣ ಮೀನುಗಳ ಮೇಲೆ ಕೈ ಪಳಗಿಸಬಹುದು. ಮೀನಿನ ಗುತ್ತಿಗೆ ಯಾರದೆಂದು ಕೇಳಿ, ಒಪ್ಪಿಗೆ ಪಡೆದೇ ಗಾಳ ಹಾಕಿ. ಹಿಮಾಚಲದಲ್ಲಿ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ನವೆಂಬರ್‌ನಿಂದ ಫೆಬ್ರುವರಿ ಕೊನೆವರೆಗೆ ಟ್ರೌಟ್ ಹಿಡಿಯುವಂತಿಲ್ಲ.

ಒಂದು ಮೀನು ಸಿಕ್ಕ ಮೇಲೆ ಫ್ಲೈಗೆ ಲೋಳೆ ಮೆತ್ತಿ ಮುಳುಗತೊಡಗುತ್ತದೆ. ನೀರಿನಲ್ಲಿ ಜಾಲಿಸಿ, ಹತ್ತಿ ಬಟ್ಟೆಯಲ್ಲಿ ಒತ್ತಿ, ಊದಿ ಒಣಗಿಸಿ. ಫ್ಲೈ ತೇಲಿಸಲು ಹಚ್ಚುವ ಜೆಲ್ ಮಾತ್ರ ಹಚ್ಚಬೇಡಿ, ಎಳೆಗಳೆಲ್ಲ ಮುದ್ದೆಯಾಗಿ ಗರಿಯ ಗಾಳಿ ಹೋಗುತ್ತದೆ. ಒಣಗದಿದ್ದರೆ ಬೇರೆಯದು ಕಟ್ಟಿ. ಅದಕ್ಕೇ ಒಂದೇ ನಮೂನೆಯ ಆರೇಳು ಫ್ಲೈ ಡಬ್ಬಿಯಲ್ಲಿರಲಿ.